ನೆನಪಿಲ್ಲ ಎಂದವರ ಅಂಕಪಟ್ಟಿ

ಎದುರಿಗೆ ಒಂದು ಹಾಳೆ ಹಿಡಿಯುತ್ತಾರೆ. ಅದರಲ್ಲಿ ಹದಿನೈದು ಬೇರೆ ಬೇರೆ ಗುರುತುಗಳಿವೆ, ಹತ್ತೇ ಸೆಕೆಂಡು ತೋರಿಸುತ್ತೇವೆ, ಆಮೇಲೆ ನೆನಪಿನಲ್ಲಿ ಉಳಿದಷ್ಟನ್ನು ಬರೆಯಬೇಕು ಎಂದು ಮೊದಲೇ ಹೇಳಿರುತ್ತಾರೆ. ‘ಹದಿನೈದು’ ಎನ್ನುವಾಗ ದನಿಯಲ್ಲಿ ಸ್ವಲ್ಪ ಭಾರವೂ ಇರುತ್ತದೆ. ಹಾಳೆಯ ಮೊದಲ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರದ ಎ, ಬಿ, ಸಿ. ಎರಡನೆಯ ಸಾಲಿನಲ್ಲಿ 1, 2, 3. ಮೂರನೆಯದರಲ್ಲಿ ಅದೇ ಎ, ಬಿ, ಸಿ, ಈ ಸಲ ಸಣ್ಣಕ್ಷರದಲ್ಲಿ. ನಾಲ್ಕನೆಯದರಲ್ಲಿ ವೃತ್ತ, ಚೌಕ, ತ್ರಿಕೋನ. ಕೊನೆಗೆ ರೋಮನ್ ಅಂಕಿಯ ಒಂದು, ಎರಡು, ಮೂರು. ಅಷ್ಟೆ.

ಲೆಕ್ಕಕ್ಕೆ ಹದಿನೈದಾದರೂ ನೆನಪಿಡಬೇಕಾದದ್ದು ಐದು ಸಂಗತಿ. ಅವೂ ಒಂದನೇ ತರಗತಿ ದಾಟುವ ಮೊದಲೇ ಬಾಯಿಪಾಠ ಆದಂಥವು. ತಲೆಗೆ ಬಲವಾದ ಪೆಟ್ಟು ಬಿದ್ದು ಚೇತರಿಸಿಕೊಳ್ಳುತ್ತಿರುವವರಲ್ಲೂ ಬಹುಪಾಲು ಮಂದಿ ಒಂಬತ್ತಕ್ಕಿಂತ ಹೆಚ್ಚೇ ಬರೆಯುತ್ತಾರೆ. ನೆನಪು ಹೋದವನಂತೆ ತೋರಿಸಿಕೊಳ್ಳಬೇಕೆಂದು ಬಂದವನ ಪಾಡು ಬೇರೆ. ನಿಜವಾದ ಮರೆವು ಎಷ್ಟನ್ನು ನುಂಗುತ್ತದೆ, ಎಷ್ಟನ್ನು ಬಿಟ್ಟುಕೊಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಪರೀಕ್ಷೆ ಕಷ್ಟ ಎಂದದ್ದನ್ನು ನಂಬಿ ಆರೋ ಏಳೋ ಬರೆದು ಪೆನ್ನು ಕೆಳಗಿಡುತ್ತಾನೆ.

ಜಿನೀವಾದ ಮನೋವಿಜ್ಞಾನಿ ಆಂಡ್ರೆ ರೇ 1964ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಅದಕ್ಕೂ ಮುಂಚೆ, 1941ರಲ್ಲಿ, ಅವರು ಚುಕ್ಕಿ ಎಣಿಸುವ ಇನ್ನೊಂದು ಪರೀಕ್ಷೆಯನ್ನು ಕೊಟ್ಟಿದ್ದರು. ಚೆಲ್ಲಾಪಿಲ್ಲಿಯಾದ ಚುಕ್ಕಿಗಳಿಗಿಂತ ಗುಂಪುಗುಂಪಾಗಿ ಜೋಡಿಸಿದ ಚುಕ್ಕಿಗಳನ್ನು ಎಣಿಸುವುದು ಯಾರಿಗಾದರೂ ಬೇಗ. ಎರಡಕ್ಕೂ ಒಂದೇ ಹೊತ್ತು ಹಿಡಿಯಿತು ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. ರೇ ಅವರ ಹಾಳೆಯ ಗುಟ್ಟನ್ನು ಇಲ್ಲಿ ಬಿಚ್ಚಿಟ್ಟದ್ದರಿಂದ ನಷ್ಟವೇನೂ ಇಲ್ಲ. ಅದು ಹಳತಾಗಿದೆ, ಸೋಗು ಹಾಕುವವರಲ್ಲಿ ಅನೇಕರು ಅದರಿಂದ ತಪ್ಪಿಸಿಕೊಳ್ಳುತ್ತಾರೆ ಎಂಬುದೂ ಸಾಬೀತಾಗಿದೆ. ಈಗ ಬಳಕೆಯಲ್ಲಿರುವ ಪರೀಕ್ಷೆಗಳ ಪಾಸು–ನಪಾಸಿನ ಗೆರೆ ಎಲ್ಲಿದೆ ಎಂದು ಮಾತ್ರ ಬೇಕೆಂದೇ ಬರೆಯುವುದಿಲ್ಲ.

ಇಂಥ ಉಪಾಯ ಯಾಕೆ ಬೇಕಾಯಿತು? ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ, ರೋಗಿ ಬಾಯಿ ಬಿಡಬೇಕಾಗಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ಮರೆವು ಬಂದಿದೆ, ಗಮನ ನಿಲ್ಲುತ್ತಿಲ್ಲ, ಲೆಕ್ಕ ತಪ್ಪುತ್ತಿದೆ ಎಂಬುದನ್ನು ಅಳೆಯುವಾಗ ಹಾಗಲ್ಲ. ಸಣ್ಣ ಪೆಟ್ಟಾಗಿದ್ದರೆ ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಏನೂ ಇಲ್ಲವೆಂದೇ ತೋರಿಸುತ್ತದೆ. ಪದಗಳ ಪಟ್ಟಿ ಓದಿ ತಿರುಗಿ ಹೇಳಿಸುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದು, ಚಿತ್ರ ನೋಡಿ ಬರೆಸುವುದು, ಹೀಗೆ ಗಂಟೆಗಟ್ಟಲೆ ಕೂರಿಸಿ ಅಂಕ ಹಾಕಬೇಕು. ಆ ಅಂಕ ಮೆದುಳಿನ ಸ್ಥಿತಿಯನ್ನು ಹೇಳಬೇಕಾದರೆ ಕೂತವರು ಕೈಲಾದಷ್ಟು ಮಾಡಿರಬೇಕು. ಮಾಡಿದ್ದಾರೆಯೇ ಎಂದು ಗೊತ್ತಾಗುವುದು ಹೇಗೆ?

ಬಹುಕಾಲ ವೈದ್ಯರು, ಮನೋವಿಜ್ಞಾನಿಗಳು ಇದಕ್ಕೆ ಕೊಟ್ಟ ಉತ್ತರ: ಇಷ್ಟು ವರ್ಷದ ಅನುಭವ, ಮುಖ ನೋಡಿದರೆ ತಿಳಿಯುತ್ತದೆ.

ಅನುಭವಸ್ಥರು ಎಡವಿದ ಕಥೆ

ತಿಳಿಯುವುದಿಲ್ಲ ಎಂದು ತೋರಿಸಿದ್ದು 1978ರಲ್ಲಿ ಅಮೆರಿಕದ ರಾಬರ್ಟ್ ಹೀಟನ್ ಮತ್ತು ಸಂಗಡಿಗರು. ನಿಜವಾಗಿ ತಲೆಗೆ ಪೆಟ್ಟು ಬಿದ್ದಿದ್ದ 16 ಮಂದಿ, ಪೆಟ್ಟು ಬಿದ್ದವರಂತೆ ನಟಿಸಲು ಒಪ್ಪಿದ 16 ಮಂದಿ ಆರೋಗ್ಯವಂತರು. ಎಲ್ಲರ ಅಂಕಪಟ್ಟಿಯನ್ನೂ ಹತ್ತು ಜನ ನ್ಯೂರೋಸೈಕಾಲಜಿಸ್ಟರ (ಮೆದುಳಿನ ಕೆಲಸವನ್ನು ಅಳೆಯುವ ಮನೋವಿಜ್ಞಾನಿಗಳ) ಮುಂದಿಟ್ಟು ಯಾರು ಯಾರೆಂದು ಕೇಳಿದರು. ಕೆಲವರು ನಾಣ್ಯ ಚಿಮ್ಮಿದ್ದರೂ ಬರುತ್ತಿದ್ದಷ್ಟೇ ಸರಿಯುತ್ತರ ಕೊಟ್ಟರು, ಉಳಿದವರು ಅದಕ್ಕಿಂತ ಒಂದಿಷ್ಟು ಮೇಲು. 1988ರಲ್ಲಿ ಡೇವಿಡ್ ಫೌಸ್ಟ್ ಮತ್ತು ಜೊತೆಗಾರರು ಮಾಡಿದ್ದು ಇನ್ನೂ ತುಂಟತನದ ಪ್ರಯೋಗ. ಒಂಬತ್ತರಿಂದ ಹನ್ನೆರಡು ವರ್ಷದ ಮೂವರು ಮಕ್ಕಳಿಗೆ ‘ಚೆನ್ನಾಗಿ ಮಾಡಬೇಡಿ, ಆದರೆ ಸಿಕ್ಕಿಹಾಕಿಕೊಳ್ಳಬೇಡಿ’ ಎಂದಷ್ಟೇ ಹೇಳಿ ಪರೀಕ್ಷೆಗೆ ಕೂರಿಸಿದರು. ಹೇಗೆ ನಟಿಸಬೇಕೆಂಬ ತರಬೇತಿ ಇಲ್ಲ. ಆ ಫಲಿತಾಂಶ ನೋಡಿದ 42 ತಜ್ಞರಲ್ಲಿ ನೂರಕ್ಕೆ 93ರಷ್ಟು ಮಂದಿ ಮಕ್ಕಳಲ್ಲಿ ತೊಂದರೆ ಇದೆ ಎಂದರು. ಅವರಲ್ಲೂ ಹೆಚ್ಚಿನವರ ಪ್ರಕಾರ ತೊಂದರೆ ಇದ್ದದ್ದು ಮೆದುಳಿನಲ್ಲೇ. ನಟನೆ ಎಂದು ಗುರುತಿಸಿದವರು ಒಬ್ಬರೂ ಇಲ್ಲ.

ಎಷ್ಟು ವರ್ಷದ ಅನುಭವ ಇದ್ದರೂ ಸೋಗು ಹಾಕಿ ಗೆದ್ದವನು ವೈದ್ಯರ ಬಳಿ ವಾಪಸು ಬಂದು ‘ನಾನು ನಿಮ್ಮನ್ನು ಯಾಮಾರಿಸಿದೆ’ ಎಂದು ಹೇಳುವುದಿಲ್ಲವಲ್ಲ. ತಪ್ಪು ಯಾವುದೆಂದು ಯಾರೂ ತೋರಿಸದ ಕಡೆ ಅನುಭವ ಹೆಚ್ಚಿದಂತೆ ಹೆಚ್ಚುವುದು ಆತ್ಮವಿಶ್ವಾಸ ಒಂದೇ.

ದಾರಿ ಸಿಕ್ಕಿದ್ದು ಕಿವಿಯ ಕಡೆಯಿಂದ. ಅಮೆರಿಕದ ಲೋರೆನ್ ಪ್ಯಾಂಕ್ರಾಟ್ಜ್ 1975ರಲ್ಲಿ, ಕಿವಿ ಕೇಳುವುದಿಲ್ಲ ಎನ್ನುವವರನ್ನು ಪರೀಕ್ಷಿಸುವ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಎರಡು ಆಯ್ಕೆ ಕೊಟ್ಟು ಶಬ್ದ ಯಾವುದರಲ್ಲಿತ್ತು ಎಂದು ಮತ್ತೆ ಮತ್ತೆ ಕೇಳುವುದು. ಗೊತ್ತಿಲ್ಲ ಎನ್ನುವ ಹಾಗಿಲ್ಲ, ಊಹಿಸಿಯಾದರೂ ಒಂದನ್ನು ಹೇಳಲೇಬೇಕು. ಪೂರ್ತಿ ಕಿವುಡರಾದವರು ಬರೀ ಊಹೆಯಿಂದಲೇ ಹೆಚ್ಚುಕಡಿಮೆ ಅರ್ಧ ಸರಿ ಹೇಳುತ್ತಾರೆ. ಕೇಳಿಸಿಯೂ ಕೇಳಿಸಿಲ್ಲ ಎನ್ನುವವರು ಸರಿಯುತ್ತರವನ್ನು ತಪ್ಪಿಸುವ ಭರದಲ್ಲಿ ಅರ್ಧಕ್ಕಿಂತ ಕೆಳಗಿಳಿದುಬಿಡುತ್ತಾರೆ.

ಇದೇ ಉಪಾಯ ನೆನಪಿನ ಪರೀಕ್ಷೆಗೆ ಬಂತು. ಕೆನಡಾದ ಒಟ್ಟಾವಾದಲ್ಲಿರುವ ಕಾರ್ಲ್ಟನ್ ವಿಶ್ವವಿದ್ಯಾಲಯದ ಟಾಮ್ ಟೊಂಬಾ 1996ರಲ್ಲಿ ಹೊರತಂದ ಪರೀಕ್ಷೆಯಲ್ಲಿ 50 ಸಾಮಾನ್ಯ ವಸ್ತುಗಳ ರೇಖಾಚಿತ್ರಗಳಿವೆ. ಒಂದೊಂದನ್ನೂ ತೋರಿಸಿ, ಆಮೇಲೆ ನೋಡಿದ್ದನ್ನೂ ನೋಡದ್ದನ್ನೂ ಅಕ್ಕಪಕ್ಕ ಇಟ್ಟು ಮೊದಲು ಕಂಡದ್ದು ಯಾವುದೆಂದು ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಬೆರಳಿಟ್ಟರೂ 25ರ ಆಸುಪಾಸು ಬರಬೇಕು. 18 ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ ನೂರರಲ್ಲಿ ಮೂರು. 12ಕ್ಕಿಳಿದರೆ ಹತ್ತು ಸಾವಿರದಲ್ಲಿ ಒಂದೆರಡು. ಅಷ್ಟು ತಪ್ಪು ಹೇಳಬೇಕಾದರೆ ಸರಿ ಯಾವುದೆಂದು ಗೊತ್ತಿರಲೇಬೇಕು. ಈ ಕ್ಷೇತ್ರದಲ್ಲಿ ಅಲ್ಲಗಳೆಯಲಾಗದ ಸಾಕ್ಷಿ ಸಿಕ್ಕಂತಾಗುವ ಸಂದರ್ಭ ಇದೊಂದೇ.

ಆದರೆ ಅಷ್ಟು ಕೆಳಗೆ ಬೀಳುವವರು ಅಪರೂಪ. ಸೋಗು ಹಾಕುವವರಲ್ಲಿ ಹೆಚ್ಚಿನವರು ಅರ್ಧಕ್ಕಿಂತ ಮೇಲೇ ಇರುತ್ತಾರೆ. ಅದಕ್ಕೆಂದು ಮನೋವಿಜ್ಞಾನಿಗಳು ಗೆರೆಯನ್ನು ಮೇಲಕ್ಕೆ ಎಳೆದರು: ಮೆದುಳಿಗೆ ನಿಜವಾಗಿ ಗಾಯವಾದವರೂ ಸಲೀಸಾಗಿ ದಾಟುವ ಅಂಕ ಯಾವುದೆಂದು ನೋಡಿ, ಅದರ ಕೆಳಗಿದ್ದರೆ ಅನುಮಾನ ಎಂದರು. ಈ ಸುಲಭದ ಪರೀಕ್ಷೆಗಳು ನಿಜಕ್ಕೂ ಎಷ್ಟು ಸುಲಭ ಎಂಬುದಕ್ಕೆ 2009ರ ಒಂದು ಅಧ್ಯಯನ ನೋಡಬಹುದು. ನೆನಪಿನ ಕೇಂದ್ರವೆನಿಸಿದ ಹಿಪ್ಪೊಕ್ಯಾಂಪಸ್ ಹಾಳಾಗಿ ತೀವ್ರ ಮರೆವಿನಲ್ಲಿದ್ದ ಮೂವರಿಗೆ, ಕೆನಡಾದ ಪಾಲ್ ಗ್ರೀನ್ ರೂಪಿಸಿದ ಪದಗಳ ಪರೀಕ್ಷೆ ಕೊಟ್ಟರು. ಅದರ ಸುಲಭದ ಭಾಗಗಳನ್ನು ಅವರೂ ದಾಟಿದರು.

ಗ್ರೀನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಲೇಖನವೊಂದು ಇಡೀ ಕ್ಷೇತ್ರಕ್ಕೇ ಮೈನಡುಕ ತರಿಸಿತು. ಪರಿಹಾರ, ಪಿಂಚಣಿ ಇತ್ಯಾದಿ ಕೋರಿ ಬಂದಿದ್ದ 904 ಮಂದಿಯ ಅಂಕಗಳನ್ನು ಅವರು ಜಾಲಾಡಿದ್ದರು. ಪರೀಕ್ಷೆಯಲ್ಲಿ ಯಾರು ಎಷ್ಟು ತೆಗೆದರು ಎಂಬುದರ ಏರಿಳಿತದಲ್ಲಿ ಸುಮಾರು ಅರ್ಧವನ್ನು ವಿವರಿಸಿದ್ದು ಅವರು ಎಷ್ಟು ಮನಸ್ಸಿಟ್ಟು ಮಾಡಿದರು ಎಂಬುದು. ಮೆದುಳಿಗೆ ಎಷ್ಟು ಗಾಯವಾಗಿತ್ತು ಎಂಬುದರ ಪಾತ್ರ ಅದಕ್ಕಿಂತ ಬಹಳ ಕಡಿಮೆ. ಸಣ್ಣ ಪೆಟ್ಟು ಬಿದ್ದೂ ಈ ಸುಲಭದ ಪರೀಕ್ಷೆಯಲ್ಲಿ ಬಿದ್ದವರು, ತೀವ್ರ ಗಾಯವಾಗಿಯೂ ಮನಸ್ಸಿಟ್ಟು ಮಾಡಿದವರಿಗಿಂತ ಒಟ್ಟಾರೆ ಅಂಕದಲ್ಲಿ ಹಿಂದಿದ್ದರು. ಹಾಗಾದರೆ ಅದುವರೆಗೆ ಇಂಥವರ ಅಂಕಗಳನ್ನೂ ಸೇರಿಸಿ ಬರೆದ ಸಂಶೋಧನೆಗಳ ಗತಿ? ಆ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಬಂದಿಲ್ಲ.

ನೂರರಲ್ಲಿ ಎಷ್ಟು ಜನ?

2002ರಲ್ಲಿ ವೈಲಿ ಮಿಟೆನ್‌ಬರ್ಗ್ ಮತ್ತು ಇತರರು ಅಮೆರಿಕದ ಪ್ರಮಾಣೀಕೃತ ನ್ಯೂರೋಸೈಕಾಲಜಿಸ್ಟರನ್ನೇ ವಿಚಾರಿಸಿದರು. ವರ್ಷಕ್ಕೆ 33,531 ಪ್ರಕರಣ ನೋಡುವ ಈ ತಜ್ಞರ ಅಂದಾಜಿನಲ್ಲಿ, ದಾವೆ–ಪರಿಹಾರದ ಗೊಡವೆಯಿಲ್ಲದೆ ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ 8 ಮಂದಿ ಉತ್ಪ್ರೇಕ್ಷೆಯನ್ನೋ ಸೋಗನ್ನೋ ತೋರುತ್ತಾರೆ. ಗಾಯದ ಪರಿಹಾರಕ್ಕೆ ದಾವೆ ಹೂಡಿದವರಲ್ಲಿ 29. ತಲೆಗೆ ಸಣ್ಣ ಪೆಟ್ಟು ಬಿದ್ದ ಪ್ರಕರಣಗಳಲ್ಲಿ 39. ಅಂದಾಜು ಹೇಳಿದವರು ಪರೀಕ್ಷಕರೇ ಎಂಬುದು ನೆನಪಿರಲಿ. ಆದರೂ 8 ಮತ್ತು 39ರ ನಡುವಿನ ಅಂತರ ಸಣ್ಣದಲ್ಲ.

ನ್ಯಾಯಾಲಯಗಳು ಸಾಮಾನ್ಯವಾಗಿ ಎಡವುವುದು ಈ ಅಂತರದಲ್ಲೇ. ಒಂದು ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಸೋಗು ಹಾಕಿದ ನೂರರಲ್ಲಿ 60 ಜನರನ್ನು ಹಿಡಿಯುತ್ತದೆ, ಪ್ರಾಮಾಣಿಕರಾದ ನೂರರಲ್ಲಿ 10 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಇವು ಈಗಿನ ಪರೀಕ್ಷೆಗಳಿಗೆ ತೀರಾ ದೂರದ ಸಂಖ್ಯೆಗಳೇನಲ್ಲ. ದಾವೆ ಹೂಡಿದ ಸಾವಿರ ಜನರಲ್ಲಿ 400 ಮಂದಿ ಸೋಗಿನವರಾದರೆ 240 ಮಂದಿ ಸಿಕ್ಕಿಬೀಳುತ್ತಾರೆ, ಜೊತೆಗೆ 60 ಮಂದಿ ಪ್ರಾಮಾಣಿಕರೂ. ಬಿದ್ದವರಲ್ಲಿ ಐದಕ್ಕೆ ನಾಲ್ವರು ನಿಜಕ್ಕೂ ಸೋಗಿನವರು. ಅದೇ ಪರೀಕ್ಷೆಯನ್ನು ಸುಮ್ಮನೆ ಚಿಕಿತ್ಸೆಗೆ ಬಂದ ಸಾವಿರ ಜನರ ಮೇಲೆ ನಡೆಸಿ. ಸೋಗಿನವರು 80. ಅವರಲ್ಲಿ ಸಿಕ್ಕುವವರು 48. ಪ್ರಾಮಾಣಿಕರಾದ 920 ಜನರಲ್ಲಿ ಬೀಳುವವರು 92. ಈಗ ಬಿದ್ದವರಲ್ಲಿ ಮೂವರಿಗೆ ಇಬ್ಬರು ನಿರಪರಾಧಿಗಳು! ಹಾಳೆ ಅದೇ, ಅಂಕ ಅದೇ, ಅರ್ಥ ತಲೆಕೆಳಗು. ಅದಕ್ಕೇ ಒಂದು ಪರೀಕ್ಷೆಯಲ್ಲಿ ಬಿದ್ದರೆ ಸಾಲದು, ಕನಿಷ್ಠ ಎರಡರಲ್ಲಾದರೂ ಬೀಳಬೇಕು ಎಂಬ ರೂಢಿ ಬಂದಿದೆ. ಪರೀಕ್ಷೆಗಳ ಸಂಖ್ಯೆ ಹೆಚ್ಚಿಸುವುದರಲ್ಲೂ ಒಂದು ಬಲೆ ಇದೆ. ನೂರರಲ್ಲಿ ಹತ್ತು ತಪ್ಪು ಮಾಡುವ ಹತ್ತು ಪರೀಕ್ಷೆಗಳನ್ನು ಸಾಲಾಗಿ ಕೊಡುತ್ತಾ ಹೋದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವಾದರೆ, ಪೂರ್ತಿ ಪ್ರಾಮಾಣಿಕರಾದವರೂ ಯಾವುದೋ ಒಂದರಲ್ಲಿ ಬೀಳುವ ಸಂಭವ ನೂರಕ್ಕೆ 65. ವಿಮಾ ಕಂಪನಿ ಕರೆಸಿದ ತಜ್ಞರು ಎಷ್ಟು ಪರೀಕ್ಷೆ ಕೊಟ್ಟರು, ಅದರಲ್ಲಿ ಎಷ್ಟರಲ್ಲಿ ಪಾಸಾಯಿತು ಎಂದು ಕೇಳದ ವಕೀಲ ಅರ್ಧ ಕೇಸು ಅಲ್ಲೇ ಸೋಲುತ್ತಾನೆ.

1999ರಲ್ಲಿ ಡೇನಿಯಲ್ ಸ್ಲಿಕ್, ಎಲಿಸಬೆತ್ ಶೆರ್ಮನ್, ಗ್ರಾಂಟ್ ಐವರ್ಸನ್ ಎಂಬ ಮೂವರು ಸೋಗೆಂದು ಹೇಳುವುದಕ್ಕೆ ಏನೇನು ಇರಬೇಕು ಎಂಬ ಮಾನದಂಡ ಬರೆದರು. 2020ರಲ್ಲಿ ಅದನ್ನೇ ತಿದ್ದಿದರು. ಲಾಭದ ಆಸೆ ಕಾಣಬೇಕು, ಪರೀಕ್ಷೆಯ ಅಂಕವೂ ಬದುಕಿನ ನಡೆಯೂ ತಾಳೆಯಾಗಬಾರದು, ಬೇರೆ ಕಾಯಿಲೆ ಇದನ್ನು ವಿವರಿಸುವಂತಿರಬಾರದು ಎಂಬ ಷರತ್ತುಗಳು ಅದರಲ್ಲಿವೆ. 2012ರಲ್ಲಿ ಗ್ಲೆನ್ ಲಾರಾಬಿ ಇನ್ನೊಂದು ಗಂಟು ಬಿಡಿಸಿದರು. ಅಲ್ಲಿಯವರೆಗೆ ಇವನ್ನೆಲ್ಲ ‘ಪ್ರಯತ್ನದ ಪರೀಕ್ಷೆ’ ಎನ್ನುತ್ತಿದ್ದರು. ಆದರೆ ತಪ್ಪಿಸಿ ತಪ್ಪಿಸಿ ಉತ್ತರ ಕೊಡುವವನ ಪ್ರಯತ್ನವೇನು ಕಡಿಮೆಯೆ? ಈ ಪರೀಕ್ಷೆ ಹೇಳುವುದು ಅಂಕವನ್ನು ನಂಬಬಹುದೋ ಬೇಡವೋ ಎಂಬುದನ್ನು. ಅಂಕ ಯಾಕೆ ಹಾಗಾಯಿತು ಎಂಬುದು ಹಾಳೆಯ ಮೇಲೆ ಬರೆದಿರುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಇದು. ದಾವೆಗಳಲ್ಲಿ ಮೊದಲು ಕಳೆದುಹೋಗುವುದೂ ಇದೇ. ‘ಈ ಅಂಕವನ್ನು ಓದಲಾಗದು’ ಎಂದು ವರದಿ ಹೇಳಿದರೆ ಪಾಟೀಸವಾಲಿನ ಹೊತ್ತಿಗೆ ಅದು ‘ಈತ ಸುಳ್ಳುಗಾರ’ ಎಂದಾಗಿರುತ್ತದೆ.

ಹೆಸ್ ಹೇಳಿದ್ದು, ಜಿಗಾಂಟೆ ಉಟ್ಟದ್ದು

ಯಾಕೆ ಎಂಬುದು ಎಷ್ಟು ಜಾರುವ ಪ್ರಶ್ನೆ ಎಂದು ನೋಡಬೇಕಾದರೆ ನ್ಯೂರೆಂಬರ್ಗ್‌ಗೆ ಹೋಗಬೇಕು. ಹಿಟ್ಲರನ ಆಪ್ತ ರುಡಾಲ್ಫ್ ಹೆಸ್ 1941ರ ಮೇ 10ರಂದು ಒಬ್ಬನೇ ವಿಮಾನ ಹಾರಿಸಿಕೊಂಡು ಸ್ಕಾಟ್‌ಲೆಂಡಿಗೆ ಹೋಗಿ ಸೆರೆಯಾದವನು. 1945ರಲ್ಲಿ ವಿಚಾರಣೆಗೆ ತಂದಾಗ ಹಿಂದಿನದೇನೂ ನೆನಪಿಲ್ಲ ಎನ್ನುತ್ತಿದ್ದ. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ, ನಾಲ್ಕೂ ಕಡೆಯ ವೈದ್ಯರು ನೋಡಿದರು. ಹುಚ್ಚಲ್ಲ, ಮನಸ್ಸೇ ಹುಟ್ಟಿಸಿಕೊಂಡ ಮರೆವು ಎಂಬತ್ತ ಅವರ ಅಭಿಪ್ರಾಯ ವಾಲಿತ್ತು. ನವೆಂಬರ್ 30ರಂದು ಆತ ವಿಚಾರಣೆಗೆ ಅರ್ಹನೇ ಎಂಬ ವಾದ ನಡೆಯುತ್ತಿದ್ದಾಗ ಹೆಸ್ ಎದ್ದು ನಿಂತು, ನನ್ನ ನೆನಪು ಸರಿಯಾಗಿದೆ, ಇದುವರೆಗೆ ನಟಿಸಿದ್ದು ತಂತ್ರಕ್ಕಾಗಿ ಎಂದುಬಿಟ್ಟ. ವೈದ್ಯರ ಮುಖ ಹೇಗಾಗಿರಬೇಡ! ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ತಿಂಗಳುಗಳಲ್ಲೇ ಸೆರೆಮನೆಯ ಮನೋವಿಜ್ಞಾನಿ ಗುಸ್ತಾವ್ ಗಿಲ್ಬರ್ಟ್ ಮತ್ತೆ ಪರೀಕ್ಷಿಸಿದಾಗ ಹೆಸ್‌ನ ನೆನಪು ಪುನಃ ಕುಸಿದಿತ್ತು. ನಟನೆ ಎಂದದ್ದೇ ನಟನೆಯೋ, ಮೊದಲು ನಟನೆಯಾಗಿದ್ದದ್ದು ಆಮೇಲೆ ಅಭ್ಯಾಸವಾಯಿತೋ, ಎರಡೂ ಒಟ್ಟಿಗೇ ಇದ್ದವೋ.

ನ್ಯೂಯಾರ್ಕಿನ ಮಾಫಿಯಾ ನಾಯಕ ವಿನ್ಸೆಂಟ್ ಜಿಗಾಂಟೆಯದು ಇಷ್ಟು ಗೊಂದಲದ್ದಲ್ಲ. ಆತ ವರ್ಷಗಟ್ಟಲೆ ನಿಲುವಂಗಿ ಸುತ್ತಿಕೊಂಡು ಗ್ರೀನ್‌ವಿಚ್ ವಿಲೇಜಿನ ಬೀದಿಗಳಲ್ಲಿ ಗೊಣಗುತ್ತಾ ಓಡಾಡಿದ. ಹೆಸರಾಂತ ತಜ್ಞರು ಆತನ ಬುದ್ಧಿ ನೆಟ್ಟಗಿಲ್ಲ ಎಂದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. 1997ರಲ್ಲಿ ಶಿಕ್ಷೆಯಾಯಿತು. 2003ರಲ್ಲಿ ಆತನೇ ಅದೆಲ್ಲ ನಾಟಕ ಎಂದು ಒಪ್ಪಿಕೊಂಡ. ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರಲ್ಲಿ ಜಿಗಾಂಟೆಯಂಥವರು ಎಷ್ಟು, ಹೆಸ್‌ನಂಥವರು ಎಷ್ಟು? ನನ್ನ ಅಂದಾಜಿನಲ್ಲಿ ಎರಡನೆಯವರೇ ಹೆಚ್ಚು.

ದುಡ್ಡಿನ ಮಾತಿಗೆ ಬಂದರೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ನರರೋಗ ತಜ್ಞ ಹೆನ್ರಿ ಮಿಲ್ಲರ್ ಅವರನ್ನು ಬಿಡುವಂತಿಲ್ಲ. 1961ರಲ್ಲಿ ಅವರು ಕೊಟ್ಟ ‘ಅಪಘಾತದ ನ್ಯೂರೋಸಿಸ್’ ಉಪನ್ಯಾಸಗಳ ಸಾರ: ಪೆಟ್ಟು ಸಣ್ಣದಾದಷ್ಟೂ ದೂರು ದೊಡ್ಡದು, ಪರಿಹಾರ ಕೈಸೇರಿದೊಡನೆ ಕಾಯಿಲೆ ವಾಸಿ. ವಿಮಾ ಕಂಪನಿಗಳಿಗೆ ಇದಕ್ಕಿಂತ ಸಿಹಿಯಾದ ಮಾತು ಬೇಕಿರಲಿಲ್ಲ. ಮುಂದೆ ಆಸ್ಟ್ರೇಲಿಯಾದ ಜಾರ್ಜ್ ಮೆಂಡೆಲ್ಸನ್ ಮೊದಲಾದವರು ಪರಿಹಾರ ಸಿಕ್ಕವರ ಬೆನ್ನು ಹತ್ತಿ ನೋಡಿದಾಗ, ದುಡ್ಡು ಬಂದ ಮೇಲೂ ಕೆಲಸಕ್ಕೆ ಮರಳಲಾಗದೆ ಉಳಿದವರು ಬಹಳ ಮಂದಿ ಇದ್ದರು. ಹಾಗೆಂದು ದುಡ್ಡಿಗೆ ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. ತಲೆಗೆ ಸಣ್ಣ ಪೆಟ್ಟಾದವರಲ್ಲಿ ಹೆಚ್ಚಿನವರು ಮೂರರಿಂದ ಹನ್ನೆರಡು ತಿಂಗಳೊಳಗೆ ಸರಿಹೋಗುತ್ತಾರೆ, ತಡವಾಗುವವರಲ್ಲಿ ಮತ್ತೆ ಮತ್ತೆ ಕಾಣುವ ಅಂಶಗಳಲ್ಲಿ ಪರಿಹಾರದ ದಾವೆಯೂ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ತಂಡ 2004ರಲ್ಲಿ ಹೇಳಿದೆ. ದಾವೆ ಎಂದರೆ ದುಡ್ಡಿನ ಆಸೆ ಒಂದೇ ಅಲ್ಲ. ನನಗೆ ಹುಷಾರಿಲ್ಲ ಎಂಬುದನ್ನು ತಿಂಗಳಿಗೊಮ್ಮೆ, ಬೇರೆ ಬೇರೆಯವರ ಮುಂದೆ, ವರ್ಷಗಟ್ಟಲೆ ಸಾಬೀತು ಮಾಡುತ್ತಲೇ ಇರಬೇಕಾದ ಸ್ಥಿತಿಯೂ ಅದೇ. ಅಂಥ ಮನುಷ್ಯ ಹುಷಾರಾಗುವುದಕ್ಕೆ ಎಲ್ಲಿ ಪುರುಸೊತ್ತು?

ನಂಬಿಕೆಯೊಂದೇ ಅಂಕವನ್ನು ಇಳಿಸಬಲ್ಲದು. 2002ರಲ್ಲಿ ಜೂಲಿ ಸುಹರ್, ಜಾನ್ ಗನ್‌ಸ್ಟಡ್ ಎಂಬ ಸಂಶೋಧಕರು, ಹಿಂದೆಂದೋ ತಲೆಗೆ ಪೆಟ್ಟು ತಿಂದಿದ್ದ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಮ್ಮನ್ನು ಆರಿಸಿದ್ದು ಆ ಪೆಟ್ಟಿನ ಕಾರಣಕ್ಕೇ ಎಂದು ಹೇಳಿದರು, ಇನ್ನೊಂದಕ್ಕೆ ಹೇಳಲಿಲ್ಲ. ಹೇಳಿಸಿಕೊಂಡವರ ಅಂಕ ಕೆಳಗಿತ್ತು. ಯಾರಿಗೂ ಒಂದು ರೂಪಾಯಿ ಬರುವುದಿರಲಿಲ್ಲ. ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಎರಿನ್ ಬಿಗ್ಲರ್ ಎತ್ತಿದ ಆಕ್ಷೇಪ ಇನ್ನೂ ಆಳದ್ದು. ಗೆರೆಯಿಂದ ಒಂದೆರಡು ಅಂಕ ಕೆಳಗೆ ಬಿದ್ದವರನ್ನು ಅರ್ಧದಷ್ಟೂ ತೆಗೆಯದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಒಂದು ಕೆಲಸಕ್ಕೆ ಮನಸ್ಸು ಹೂಡುವುದೂ ಮೆದುಳೇ ಮಾಡುವ ಕೆಲಸ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವರಲ್ಲಿ ಆ ಹೂಡಿಕೆಯೇ ಕುಗ್ಗಿರುತ್ತದೆ. ಅವರಿಗೆ ‘ನೀನು ಮನಸ್ಸಿಟ್ಟು ಮಾಡಲಿಲ್ಲ’ ಎನ್ನುವುದು ಕಾಯಿಲೆಯನ್ನೇ ಅಪರಾಧ ಮಾಡಿದಂತೆ. ಈ ವಾದ ಎಲ್ಲರಿಗೂ ಅನ್ವಯಿಸುವುದಿಲ್ಲ. ತೀವ್ರ ಮರೆವಿನವರೂ ದಾಟಿದ ಪರೀಕ್ಷೆಯಲ್ಲಿ ಸಣ್ಣ ಪೆಟ್ಟಿನವರು ಬಿದ್ದರೆ ಬಿಗ್ಲರ್ ಅವರ ಮಾತು ಅವರನ್ನು ಕಾಯಲಾರದು. ಗಾಯ ದೊಡ್ಡದಿದ್ದಲ್ಲಿ, ಡಿಮೆನ್ಶಿಯಾ ಇದ್ದಲ್ಲಿ ಮಾತ್ರ ಕಿವಿಗೊಡಲೇಬೇಕು.

ಇದರ ತಿರುವುಮುರುವು ನೋಡಬೇಕಾದರೆ ಅಮೆರಿಕದ ಫುಟ್‌ಬಾಲಿಗೆ ಬರಬೇಕು. ಆಟಗಾರರಿಗೆ ಋತು ಶುರುವಾಗುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿ ಇಟ್ಟುಕೊಳ್ಳುತ್ತಾರೆ. ತಲೆಗೆ ಪೆಟ್ಟಾದಾಗ ಹೊಸ ಅಂಕವನ್ನು ಅದರ ಜೊತೆ ಹೋಲಿಸಿ ಆಡಲು ಬಿಡಬೇಕೇ ಎಂದು ತೀರ್ಮಾನ. ಆಟದಿಂದ ಹೊರಗಿಡಿಸಿಕೊಳ್ಳಲು ಒಲ್ಲದವರು ಮೊದಲ ಪರೀಕ್ಷೆಯನ್ನೇ ಕೆಡಿಸಿಡುತ್ತಾರೆ. ತಾರಾ ಆಟಗಾರ ಪೇಟನ್ ಮ್ಯಾನಿಂಗ್ 2011ರಲ್ಲಿ ತಾನೂ ಹಾಗೇ ಮಾಡಿದ್ದಾಗಿ ಹೇಳಿ, ಆಮೇಲೆ ತಮಾಷೆಗೆಂದದ್ದು ಎಂದರು. ಇಲ್ಲಿ ಸೋಗು ರೋಗಕ್ಕಲ್ಲ, ಆರೋಗ್ಯಕ್ಕೆ.

ಅದೇ ಆಟದ ಸಂಸ್ಥೆ ಎನ್‌ಎಫ್‌ಎಲ್ ನಿವೃತ್ತ ಆಟಗಾರರಿಗೆ ಪರಿಹಾರ ಕೊಡಲು ಮಾಡಿಕೊಂಡ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಆಟಗಾರರು ಸುಳ್ಳು ಹೇಳುತ್ತಿಲ್ಲವೇ ಎಂದು ನೋಡುವ ಪರೀಕ್ಷೆಗಳೆಲ್ಲ ಅದರಲ್ಲಿ ಕಡ್ಡಾಯ. ಆದರೆ ಅಂಕ ತೂಗುವ ತಕ್ಕಡಿಯೇ ಓರೆಯಾಗಿತ್ತು. ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿಂದಲೇ ಕಡಿಮೆ ಎಂದು ಊಹಿಸುವ ಪ್ರತ್ಯೇಕ ಮಾನದಂಡವನ್ನು ಬಳಸುತ್ತಿದ್ದರು. ಹಾಗಾಗಿ ಅದೇ ಅಂಕ ತೆಗೆದ ಬಿಳಿಯ ಆಟಗಾರನಿಗೆ ಪರಿಹಾರ, ಕಪ್ಪು ಆಟಗಾರನಿಗೆ ‘ನಿನಗೇನೂ ಆಗಿಲ್ಲ’. ಕೆವಿನ್ ಹೆನ್ರಿ, ನಾಜೆ ಡ್ಯಾವೆನ್‌ಪೋರ್ಟ್ ಎಂಬ ಇಬ್ಬರು 2020ರಲ್ಲಿ ದಾವೆ ಹೂಡಿದರು. 2021ರಲ್ಲಿ ಸಂಸ್ಥೆ ಇದನ್ನು ಬಿಡುವುದಾಗಿ ಒಪ್ಪಿತು. 2022ರಲ್ಲಿ ನ್ಯಾಯಾಧೀಶೆ ಅನಿಟಾ ಬ್ರೋಡಿ ಬದಲಾವಣೆಗೆ ಒಪ್ಪಿಗೆ ಕೊಟ್ಟರು. ಪರೀಕ್ಷೆಗೆ ಕೂತವನ ಪ್ರಾಮಾಣಿಕತೆಗೆ ಅಷ್ಟೊಂದು ಜರಡಿ ಇದ್ದಲ್ಲಿ ಪರೀಕ್ಷೆಯ ಪ್ರಾಮಾಣಿಕತೆಗೆ ಒಂದೂ ಇರಲಿಲ್ಲ.

ನಮ್ಮ ಕೋರ್ಟು, ನಮ್ಮ ಪರ್ಸೆಂಟು

ಕರ್ನಾಟಕದಲ್ಲಿ ತಲೆಗೆ ಪೆಟ್ಟು ಎಂದರೆ ಹೆಚ್ಚಾಗಿ ರಸ್ತೆ, ಅದರಲ್ಲೂ ಬೈಕು. ಗಾಯಾಳುಗಳು 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಅಲ್ಲಿ ಎಲ್ಲರ ಬಾಯಲ್ಲೂ ಇರುವುದು ಪರ್ಸೆಂಟು: ಇಡೀ ದೇಹಕ್ಕೆ ಎಷ್ಟು ಪರ್ಸೆಂಟ್ ಊನ ಎಂದು ವೈದ್ಯರು ಬರೆದುಕೊಡುವ ಒಂದು ಸಂಖ್ಯೆ. ಕಾಲು ಮುರಿದಿದ್ದರೆ ಆ ಸಂಖ್ಯೆಗೆ ಒಂದು ಬುಡ ಇರುತ್ತದೆ. ನೆನಪು ಹೋದದ್ದಕ್ಕೆ, ಸಿಟ್ಟು ಹೆಚ್ಚಿದ್ದಕ್ಕೆ, ಅಂಗಡಿ ಲೆಕ್ಕ ತಪ್ಪುತ್ತಿರುವುದಕ್ಕೆ ಬುಡ ಎಲ್ಲಿ? ಅರ್ಜಿದಾರನ ಹೆಂಡತಿ ‘ಮೊದಲಿನ ಹಾಗಿಲ್ಲ ಸ್ವಾಮಿ’ ಎನ್ನುತ್ತಾಳೆ. ವಿಮಾ ಕಂಪನಿಯ ವಕೀಲರು ‘ಇವತ್ತು ಕೋರ್ಟಿಗೆ ಒಬ್ಬರೇ ಬಸ್ಸಿನಲ್ಲಿ ಬಂದಿರಿ ತಾನೆ?’ ಎನ್ನುತ್ತಾರೆ. ಇವೆರಡರ ನಡುವೆ ಪರ್ಸೆಂಟು ತೂಗುತ್ತದೆ.

2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಈ ವಿಚಾರವನ್ನು ಬಿಡಿಸಿ ಹೇಳಿತು. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ದೇಹದ ಊನ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ, ಮೊದಲನೆಯ ಪರ್ಸೆಂಟನ್ನು ಎರಡನೆಯದರ ಮೇಲೆ ಹಾಗೆಯೇ ಎತ್ತಿಡಬೇಡಿ ಎಂಬುದು ಒಂದು ಮಾತು. ಚಿಕಿತ್ಸೆಯನ್ನೇ ಮಾಡದೆ ಸಿದ್ಧ ಸರ್ಟಿಫಿಕೇಟ್ ಬರೆದುಕೊಡುವ ವೈದ್ಯರ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕು ಎಂಬುದು ಇನ್ನೊಂದು. ಅದೇ ವರ್ಷದ ಮೇ ತಿಂಗಳಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ರವೀಂದ್ರನ್ ಅವರೂ ಇದ್ದ ಪೀಠ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಸಲ್ಲದು ಎಂದಿತ್ತು. ತಲೆಯೊಳಗಿನ ಸತ್ಯವನ್ನು ಯಂತ್ರಕ್ಕೆ ಸಿಕ್ಕಿಸಿ ಹೊರತೆಗೆಯುವ ಆಸೆಗೆ ನಮ್ಮ ರಾಜ್ಯದ ಹೆಸರೂ ಹೀಗೆ ಅಂಟಿಕೊಂಡಿದೆ.

ಯಂತ್ರಕ್ಕಿಂತ ಸಾವಧಾನದ ದಾರಿ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್ 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಪರೀಕ್ಷಾ ಸರಣಿ, ವಯಸ್ಸು ಮತ್ತು ಓದಿಗೆ ತಕ್ಕಂತೆ, ಶಾಲೆಯ ಮೆಟ್ಟಿಲು ಹತ್ತದವರನ್ನೂ ಗಣಿಸಿ, ನಮ್ಮವರ ಅಂಕ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಲೆಕ್ಕ ಹಾಕಿಕೊಟ್ಟಿದೆ. ಸೋಗನ್ನು ಜರಡಿ ಹಿಡಿಯುವ ಪರೀಕ್ಷೆಗಳ ಮಾತು ಬಂದಾಗ ಮಾತ್ರ ನಾವು ಇನ್ನೂ ಎರವಲು ಹಾಳೆಗಳನ್ನೇ ನೋಡುತ್ತೇವೆ. ರೇ ಅವರ ಹಾಳೆಯನ್ನೇ ತೆಗೆದುಕೊಳ್ಳಿ. ಕನ್ನಡ ಅಕ್ಷರ ಮಾತ್ರ ಬಲ್ಲ ಒಬ್ಬ ಹಮಾಲಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ರೋಮನ್ ಅಂಕಿ ಎಲ್ಲವೂ ಬರೀ ಗೀಟುಗಳು. ಅವನ ಮಟ್ಟಿಗೆ ಅಲ್ಲಿ ನಿಜವಾಗಿಯೂ ಹದಿನೈದರ ಹತ್ತಿರ ಸಂಗತಿಗಳಿವೆ. ಅವನು ಏಳು ಬರೆದರೆ ಅದು ಸೋಗಲ್ಲ, ಹತ್ತು ಸೆಕೆಂಡಿನಲ್ಲಿ ಮಾಡಿದ ದೊಡ್ಡ ಕೆಲಸ.

ಪ್ರಶ್ನೆಪತ್ರಿಕೆಯ ಗುಟ್ಟಿನ ಮಾತೂ ಇದೆ. ವಕೀಲರು ಕಕ್ಷಿದಾರರಿಗೆ ಮೊದಲೇ ಹೇಳಿಕೊಟ್ಟು ಕಳುಹಿಸಿದ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಅಲ್ಲಿಯ ಸುಪ್ರೀಂ ಕೋರ್ಟ್ 1979ರಲ್ಲೇ ಡೆಟ್ರಾಯಿಟ್ ಎಡಿಸನ್ ಪ್ರಕರಣದಲ್ಲಿ, ನೌಕರರ ಮಾನಸಿಕ ಸಾಮರ್ಥ್ಯ ಪರೀಕ್ಷೆಯ ಪ್ರಶ್ನೆಗಳನ್ನು ಕಂಪನಿ ಕಾರ್ಮಿಕ ಸಂಘದ ಕೈಗೆ ಕೊಡಬೇಕಾಗಿಲ್ಲ ಎಂದು ಪರೀಕ್ಷೆಯ ಗೋಪ್ಯತೆಯನ್ನು ಎತ್ತಿಹಿಡಿದಿತ್ತು. ಗುಟ್ಟು ಕಾಯುವುದು ಸರಿಯೇ. ಆದರೆ ಯಾವ ಅಳತೆಯಿಂದ ತನ್ನನ್ನು ಸುಳ್ಳುಗಾರ ಎಂದರು ಎಂಬುದನ್ನು ಕಾಣದೆಯೇ ಒಬ್ಬ ಗಾಯಾಳು ಮನೆಗೆ ಹೋಗಬೇಕಾಗಿ ಬರುವುದೂ ಈ ಗುಟ್ಟಿನಿಂದಲೇ.

ಬಿದ್ದವರಿಗೆ ಅದನ್ನು ಅಲ್ಲೇ ಹೇಳಿಬಿಟ್ಟರೆ ಏನಾಗುತ್ತದೆ? ಯೂಟಾದ ಯಾನಾ ಸುಹಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಅಲ್ಲಿದ್ದವರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದವರು. ಸುಲಭದ ಪರೀಕ್ಷೆಯಲ್ಲಿ ಬಿದ್ದವರಿಗೆ ಮನೋವಿಜ್ಞಾನಿ ಕೂಡಲೇ, ಅಂಕ ಸರಿಯಾಗಿ ಬರುತ್ತಿಲ್ಲ, ಪೂರ್ತಿ ಮನಸ್ಸಿಟ್ಟು ಮಾಡಿದಂತೆ ಕಾಣುತ್ತಿಲ್ಲ ಎಂದು ತಿಳಿಸಿ ಮತ್ತೆ ಕೊಟ್ಟರು. ಅವರಲ್ಲಿ ಹೆಚ್ಚಿನವರು ಎರಡನೇ ಸಲ ಪಾಸಾದರು. ಕಾಯಿಲೆ ಅವರಿಗೆ ನಿಜವಾಗಿಯೂ ಇತ್ತು. ಮೊದಲ ಸಲದ ಅಂಕವೂ ನಿಜವಾಗಿಯೇ ಕೆಟ್ಟಿತ್ತು. ಯಾಕೆ ಕೆಟ್ಟಿತ್ತು ಎಂಬುದನ್ನು ಅವರಲ್ಲಿ ಕೆಲವರು ತಮಗೆ ತಾವೇ ಹೇಳಿಕೊಳ್ಳಲಾರರೇನೋ. ಆಸ್ಪತ್ರೆಯ ಕೋಣೆಯಲ್ಲಿ ಇದನ್ನು ಮಾಡಬಹುದು. ಎದುರು ಪಕ್ಷ ಗೊತ್ತುಮಾಡಿದ ತಜ್ಞರು ಮಾಡುವುದಿಲ್ಲ. ಅವರ ಕೆಲಸ ಒಂದೇ ಸಲ ಅಳೆದು, ಬಂದ ಅಂಕವನ್ನು ವರದಿಗೆ ಸೇರಿಸಿ, ಮುಂದಿನ ತಾರೀಖಿಗೆ ಕೋರ್ಟಿಗೆ ಬರುವುದು.